ಅಂಚಿನ ಅಂಚೆ

ಸೇತುವೆಯ ಮೂರನೇ ಕಮಾನಿಗೆ ಬೆನ್ನು ಕೊಟ್ಟು ನಿಲ್ಲಿ,
ಟೀನ್ ನದಿ ಹೋಗುವ ಕಡೆಗೇ ಹೋಗಿ,
ಎನ್ನುತ್ತದೆ ಮೊದಲ ಸುಳಿವು.
ಒರಿನ್ ಬೆರಳಿಟ್ಟು ಓದುತ್ತಾನೆ, ಪಾಠದ ಹಾಗೆ.
ಪಕ್ಕದ ಮನೆಯ ಹುಡುಗ, ಒಂಬತ್ತು ತುಂಬಿಲ್ಲ;
ತಾಯಿಗೆ ಬೇಕರಿಯಲ್ಲಿ ಪಾಳಿಯಿದ್ದ ಶನಿವಾರ
ನನ್ನ ಪಾಲಿಗೆ ಬರುತ್ತಾನೆ.

ಮೂವತ್ತೊಂದು ವರ್ಷ ಈ ಊರಿನ ಅಂಚೆ ಹಂಚಿದವಳು ನಾನು.
ಎಲ್ಲ ಬಾಗಿಲ ಸೀಳೂ ಗೊತ್ತು:
ಬೆರಳು ಕಚ್ಚುವುದು ಯಾವುದು, ಒಳಗೆ ನಾಯಿ ಕಾದಿರುವುದು ಯಾವುದು.
ಆದರೆ ನದಿಯ ಅಂಚಿಗೊಂದು ಅಂಚೆಪೆಟ್ಟಿಗೆ,
ಅದೂ ಬಚ್ಚಿಟ್ಟದ್ದು!
ವಿಳಾಸವಿಲ್ಲ, ಕಾಗದ ಹಾಕುವವರಿಲ್ಲ,
ಹುಡುಕಿ ಬಂದವರು ತಮ್ಮ ಮೊಹರು ಅಲ್ಲಿ ಒತ್ತಿ
ಅಲ್ಲಿನದನ್ನು ತಮ್ಮ ಪುಸ್ತಕಕ್ಕೊತ್ತಿಕೊಂಡು
ಇದ್ದ ಹಾಗೇ ಮುಚ್ಚಿಟ್ಟು ಹೋಗುತ್ತಾರಂತೆ.
ನಿವೃತ್ತಿಯಾದ ಮೇಲೆ ತಿಳಿಯಿತು ಈ ಆಟ.
ಸ್ವಲ್ಪ ನಾಚಿಕೆಯಾಯಿತು.

ಎರಡನೆಯದು: ನೀರಿಗೆ ಬಾಗಿ ಕೂದಲು ತೊಳೆಯುವ ಆಲ್ಡರ್ ಮರ.
ಮರವಿಲ್ಲ.
ಫೆಬ್ರವರಿಯ ನೆರೆ ಬೀಳಿಸಿತೋ, ಕೌನ್ಸಿಲ್ಲಿನ ಗರಗಸವೋ,
ಕಿತ್ತಳೆ ಬಣ್ಣದ ಬುಡ ಮಾತ್ರ ಉಳಿದಿದೆ.
ಒರಿನ್ ಅದರ ಮೇಲೆ ಹತ್ತಿ, ಮರದ ಹಾಗೇ ಬಾಗಿ,
"ಇಲ್ಲಿಂದ ಅಲ್ವಾ?" ಎಂದ.
ಇಲ್ಲಿಂದಲೇ.

ದಿಕ್ಸೂಚಿ ನೂರ ಹತ್ತು ಡಿಗ್ರಿಗೆ. ಅರವತ್ತು ಹೆಜ್ಜೆ.
ನಾನು ಎಣಿಸಿದೆ, ಅಂಚೆಯವಳ ಹೆಜ್ಜೆ,
ಗೇಟಿನಿಂದ ಗೇಟಿಗೆ, ಮಳೆಗೆ ಮುಂಚೆ.
ಅರವತ್ತಕ್ಕೆ ಮುಳ್ಳುಪೊದೆ.
ಮತ್ತೆ ಎಣಿಸಿದೆ. ಅದೇ ಪೊದೆ, ಕೈಗೆ ಎರಡು ಗೀರು.
ಒರಿನ್ ಎಣಿಸಿದ, ಜೋರಾಗಿ,
ನಲವತ್ತರ ಆಚೆ ಒಂದನ್ನು ಹಾರಿಸಿ;
ನಿಂತದ್ದು ಸರಿಯಾಗಿ ಸೀಳುಬಂಡೆಯೆದುರು.

ಹಾಗಾದರೆ ಬರೆದದ್ದು ಮಗುವೇ?
ನಾಲ್ಕನೆಯದು ಏರು: ಇಪ್ಪತ್ತು ಹೆಜ್ಜೆ, ಕೂರಲು ಕಲ್ಲುಂಟು.
ಮತ್ತೆ ಇಪ್ಪತ್ತು. ಅಲ್ಲೂ ಕೂರಬಹುದು.
ಅವರ ಇಪ್ಪತ್ತೆಂದರೆ ಒರಿನ್‌ಗೆ ಹನ್ನೆರಡೇ.
ಯಾವ ಮಗು ಬರೆದೀತು ಕೂರುವ ಜಾಗವನ್ನು?
ಹೆಜ್ಜೆ ಕುಗ್ಗಿಸಿದೆ. ಹಿಮ್ಮಡಿಗೆ ಬೆರಳು ತಾಗಿಸುತ್ತ ಹತ್ತಿದೆ,
ನೋಯುವ ಸೊಂಟವೊಂದನ್ನು ಎರವಲು ತಂದವಳ ಹಾಗೆ.
ಲೆಕ್ಕ ಕೂಡಿತು.

ಸುಳಿಯ ಹತ್ತಿರವೇ ಕೊನೆಯ ಸುಳಿವು.
ಕೆಳಗೆ ನೀರಿನಲ್ಲಿ ಎಲೆಗಳು ಅಲ್ಲಲ್ಲೇ ತಿರುಗುತ್ತಿವೆ,
ಹೊರಟು ನಿಂತು ಮಾತು ಮುಗಿಯದವರಂತೆ.
ಪಾಚಿ, ಕಲ್ಲು, ಕಲ್ಲಿನ ಹಿಂದೆ ಕಲ್ಲು,
ಅದರ ಹಿಂದೆ ಮಾರ್ಗರೀನಿನ ಡಬ್ಬಿ,
ಎರಡು ಪದರ ಪ್ಲಾಸ್ಟಿಕ್, ರಬ್ಬರ್ ಬ್ಯಾಂಡು.
ಆ ಕೆಂಪು ಬ್ಯಾಂಡು! ಕಾಗದದ ಕಟ್ಟಿಗೆ ನಾವೇ ಹಾಕುತ್ತಿದ್ದದ್ದು,
ಮೆಟ್ಟಿಲ ಮೇಲೆ ಬೀಳಿಸಿ ಊರವರಿಂದ ಬೈಸಿಕೊಂಡದ್ದು.
ಮುಟ್ಟಿದೊಡನೆ ತುಂಡಾಯಿತು.

ಪುಸ್ತಕದಲ್ಲಿ ಗೂಬೆ, ಲಂಗರು, ಚಹಾದ ಕೆಟಲ್,
ಆಮೇಲೆ ಆರು ವರ್ಷ ಯಾರೂ ಇಲ್ಲ.
ಮೊದಲ ಪುಟದಲ್ಲಿ ಅಳಿಸುವ ರಬ್ಬರಿನಲ್ಲಿ ಕೊರೆದ ಬಸವನಹುಳು,
ಕೆಳಗೆ ಹೆಸರು: ಥರ್ಜಾ ಎಂಡಕಾಟ್.
"ಸೋಮವಾರ ಸೊಂಟ ಬದಲಿಸುತ್ತಾರೆ.
ಆಮೇಲೆ ಹೆಜ್ಜೆ ಬೇರೆಯಾದೀತು.
ಅದಕ್ಕೇ ಇವತ್ತೇ ಅಳೆದಿಟ್ಟೆ."

ಮಿಲ್ ಲೇನ್, ನಾಲ್ಕನೇ ಮನೆ. ಗಟ್ಟಿ ಸ್ಪ್ರಿಂಗು.
ಆಸ್ಪತ್ರೆಯ ಕಂದು ಲಕೋಟೆಗಳನ್ನು ನಾನೇ ತೂರಿಸಿದ್ದೆ
ಬೆರಳು ಕಚ್ಚಿಸಿಕೊಂಡು. ಮುಖ ಕಂಡಿರಲಿಲ್ಲ.
ಆ ಚಳಿಗಾಲ ಮುಗಿಯುವಾಗ ಬಂದವಕ್ಕೆ
'ಈ ವಿಳಾಸದಲ್ಲಿಲ್ಲ' ಎಂದು ಗೀಚಿ ಮರಳಿಸಿದವಳೂ ನಾನೇ.

ಒರಿನ್‌ಗೆ ಹೇಳಲಿಲ್ಲ. ಅವನಿಗೆ ಅವಸರ:
ಆಲೂಗೆಡ್ಡೆಯಲ್ಲಿ ಕೊರೆದು ತಂದ ಬಸ್ಸು ಜೇಬಿನಲ್ಲಿ ಬಾಡುತ್ತಿದೆ.
ಡಬ್ಬಿಯ ಶಾಯಿಪಟ್ಟಿ ಒಣಗಿ ಬಿಲ್ಲೆಯಾಗಿದೆ.
ನನ್ನನ್ನು ಗೀರಿದ ಪೊದೆಯ ಬ್ಲ್ಯಾಕ್‌ಬೆರಿ
ಅವನ ಇನ್ನೊಂದು ಜೇಬಿನಲ್ಲಿತ್ತು; ಹಿಂಡಿದೆವು.
ನೇರಳೆ ಬಸ್ಸು ಮೂಡಿತು, ಗಾಲಿ ಮೂರೇ.
ನಾನು ಮೊಹರು ತಂದಿರಲಿಲ್ಲ.
ಊರಿನ ಕಾಗದವನ್ನೆಲ್ಲ ಹೊತ್ತವಳು
ಓದು ಬಾರದವಳ ಹಾಗೆ ಹೆಬ್ಬೆಟ್ಟೊತ್ತಿದೆ.

ಪಾಚಿಯ ಮುಖ ಹೊರಗಾಗಿಸಿ ಕಲ್ಲು ಮುಚ್ಚಿ
ಇಳಿಯುವಾಗ ನಾಯಿಯೊಡನೆ ಒಬ್ಬ ಎದುರಾದ:
"ಏನಾದರೂ ಕಳಕೊಂಡಿರಾ?"
"ಇಲ್ಲವಲ್ಲ," ಎಂದ ಒರಿನ್, ನೇರಳೆ ಬಾಯಲ್ಲಿ.
ನಾಯಿ ಮಾತ್ರ ನನ್ನ ಹೆಬ್ಬೆರಳನ್ನು
ಬಹಳ ಹೊತ್ತು ಮೂಸಿತು.